ಸಮ್‌ಥಿಂಗ್ಸ್ ಗೋಯಿಂಗ್ ಆನ್ (1982)

ಸಮ್‌ಥಿಂಗ್ಸ್ ಗೋಯಿಂಗ್ ಆನ್ : ಸ್ವೀಡನ್ನಿನ ಜಗದ್ವಿಖ್ಯಾತ ಗಾಯನವೃಂದವಾದ ಆಬಾದ ಇಬ್ಬರು ಗಾಯಕಿಯರಲ್ಲಿ ಒಬ್ಬಳಾದ ಆನಿ-ಫ್ರಿಡ್ ಲಿಂಗ್‌ಸ್ಟಾಡ್, ಫ್ರಿಡಾ ಎಂಬ ತನ್ನ ಪ್ರಸಿದ್ಧನಾಮದಲ್ಲಿ 1982ರ ಸೆಪ್ಟೆಂಬರಿನಲ್ಲಿ ಹೊರತಂದ ಪಾಪ್ ಗಾನಮುದ್ರಿಕೆ. ಆಕೆಯ ಸ್ವತಂತ್ರ ಮುದ್ರಿಕೆಗಳಲ್ಲಿ ಇದು ಮೂರನೆಯದು, ಇಂಗ್ಲಿಷಿನಲ್ಲಿ ಮೊದಲನೆಯದು. ಇಂಗ್ಲೆಂಡಿನ ಜೆನಿಸಿಸ್ ತಂಡದ ಡ್ರಮ್ಸ್ ವಾದಕನೂ ಗಾಯಕನೂ ಆದ ಫಿಲ್ ಕಾಲಿನ್ಸ್ ಇದರ ನಿರ್ಮಾಪಕ. ಹನ್ನೊಂದು ಗೀತೆಗಳುಳ್ಳ ಈ ಮುದ್ರಿಕೆ ಪ್ರಕಟವಾದ ಕಾಲದಲ್ಲಿ ಸೋತುದಲ್ಲ. ಸ್ವೀಡನ್ನಿನಲ್ಲಿ ಮಾರಾಟದ ಪಟ್ಟಿಯ ಅಗ್ರಸ್ಥಾನವನ್ನೇರಿ, ಅಮೆರಿಕದಲ್ಲಿಯೂ ಗಣನೀಯವಾದ ಮನ್ನಣೆಯನ್ನು ಪಡೆದು, ಆ ಬಳಿಕ ಹತ್ತಾರು ವರ್ಷಗಳ ಕಾಲ ಆಬಾ ಎಂಬ ಮಹಾನಾಮದ ನೆರಳಿನಲ್ಲಿ ಕಣ್ಮರೆಯಾಯಿತು. ಗೆದ್ದ ಕೃತಿಯೊಂದು ವಿಸ್ಮೃತಿಗೆ ಸಂದ ಬಗೆಯೂ, ಆ ವಿಸ್ಮೃತಿಯಿಂದ ಅದು ಮೆಲ್ಲಮೆಲ್ಲನೆ ಹೊರಬರುತ್ತಿರುವ ಬಗೆಯೂ ಪಾಪ್ ಸಂಗೀತದ ಚರಿತ್ರೆಯಲ್ಲಿ ವಿಚಾರಾರ್ಹವಾದ ವಿಷಯಗಳು.

ಗಾಯಕಿಯ ಪೂರ್ವವೃತ್ತಾಂತ

ಫ್ರಿಡಾ ಹುಟ್ಟಿದ್ದು 1945ರ ನವೆಂಬರ್ 15ರಂದು, ಉತ್ತರ ನಾರ್ವೆಯ ನಾರ್ವಿಕ್ ಪಟ್ಟಣಕ್ಕೆ ಸಮೀಪದ ಒಂದು ಸಣ್ಣ ಊರಿನಲ್ಲಿ. ತಾಯಿ ನಾರ್ವೆಯವಳು, ತಂದೆ ಯುದ್ಧಕಾಲದಲ್ಲಿ ಆ ದೇಶವನ್ನು ಆಕ್ರಮಿಸಿದ್ದ ಜರ್ಮನ್ ಸೇನೆಯ ಸಿಪಾಯಿ. ಶತ್ರುಸೈನಿಕರ ಮಕ್ಕಳನ್ನು ಸಮಾಜ ಹಗೆಗಣ್ಣಿನಿಂದ ನೋಡುತ್ತಿದ್ದ ಆ ದಿನಗಳಲ್ಲಿ ಅಜ್ಜಿಯು ಮೊಮ್ಮಗಳನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದಳು. ಕೂಸಿಗೆ ಎರಡು ವರ್ಷ ತುಂಬುವುದರೊಳಗೆ ತಾಯಿ ತೀರಿಕೊಂಡಳು. ಹದಿಮೂರನೆಯ ವಯಸ್ಸಿನಲ್ಲಿಯೇ ನೃತ್ಯವಾದ್ಯಗೋಷ್ಠಿಗಳಲ್ಲಿ ಹಾಡತೊಡಗಿದ ಬಾಲೆ ಮುಂದೆ ಜಾಜ಼್ ಪದ್ಧತಿಯ ಗಾಯನದಲ್ಲಿ ನುರಿತಳು. 1967ರ ಸೆಪ್ಟೆಂಬರ್ 3ರಂದು ನಡೆದ ಹೊಸ ಗಾಯಕರ ಸ್ಪರ್ಧೆಯಲ್ಲಿ ಗೆದ್ದ ಆಕೆ, ಅಂದು ಸಂಜೆಯೇ ಸ್ವೀಡನ್ನಿನ ಅತ್ಯಂತ ಜನಪ್ರಿಯ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿದಳು. ಸ್ವೀಡನ್ನಿನ ರಸ್ತೆಗಳಲ್ಲಿ ವಾಹನಸಂಚಾರ ಎಡಗಡೆಯಿಂದ ಬಲಗಡೆಗೆ ಬದಲಾದುದೂ ಅದೇ ದಿನವೇ. ದೇಶದ ಬಹುಜನರು ಮನೆಯಲ್ಲಿಯೇ ಉಳಿದು ದೂರದರ್ಶನದ ಮುಂದೆ ಕುಳಿತಿದ್ದ ದಿನ ಅದಾದುದರಿಂದ ಅಪರಿಚಿತಳಾಗಿದ್ದ ಗಾಯಕಿ ಒಂದೇ ಸಂಜೆಯಲ್ಲಿ ದೇಶಕ್ಕೆಲ್ಲ ಪರಿಚಿತಳಾದಳು.

ಬೆನ್ನಿ ಆಂಡರ್ಸನ್, ಬ್ಯೋರ್ನ್ ಉಲ್ವೇಯಸ್, ಆಗ್ನೆತಾ ಫಾಲ್ಟ್‌ಸ್ಕೋಗ್ ಇವರೊಡನೆ ಫ್ರಿಡಾ ಸೇರಿ ರೂಪುಗೊಂಡ ಆಬಾ ತಂಡ 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಯೂರೋವಿಷನ್ ಗಾನಸ್ಪರ್ಧೆಯಲ್ಲಿ ಜಯಗಳಿಸಿದ ಮೇಲೆ ಅದರ ಕೀರ್ತಿ ಖಂಡಾಂತರಗಳಿಗೆ ಹಬ್ಬಿತು. ಆಗ್ನೆತಾಳದು ತಾರಸ್ಥಾಯಿಯಲ್ಲಿ ಮಿಂಚುವ ಕಂಠ; ಫ್ರಿಡಾಳದು ಅದಕ್ಕಿಂತ ಕೆಳಗಿನ ನೆಲೆಯಲ್ಲಿ ತುಂಬಿ ಮೊಳಗುವ, ಪಾಶ್ಚಾತ್ಯರು ಮೆಜ್ಜೋ-ಸೊಪ್ರಾನೋ ಎಂದು ವರ್ಗೀಕರಿಸುವ ಶಾರೀರ. ‘ಫರ್ನಾಂಡೋ’, ‘ನೋಯಿಂಗ್ ಮಿ, ನೋಯಿಂಗ್ ಯು’, ‘ಸೂಪರ್ ಟ್ರೂಪರ್’ ಮೊದಲಾದ ಗೀತೆಗಳಲ್ಲಿ ಮುಖ್ಯಕಂಠ ಈಕೆಯದೇ. ತಂಡ ರೂಪುಗೊಳ್ಳುವ ಮೊದಲು 1971ರಲ್ಲಿಯೂ, ತಂಡದಲ್ಲಿದ್ದುಕೊಂಡೇ 1975ರಲ್ಲಿಯೂ ಈಕೆ ಸ್ವೀಡಿಷ್ ಭಾಷೆಯಲ್ಲಿ ಎರಡು ಸ್ವತಂತ್ರ ಮುದ್ರಿಕೆಗಳನ್ನು ಹಾಡಿದ್ದಳು. ‘ಫರ್ನಾಂಡೋ’ ಮೊದಲು ಬೆಳಕು ಕಂಡದ್ದು ಈ ಎರಡನೆಯದರಲ್ಲಿ, ಸ್ವೀಡಿಷ್ ರೂಪದಲ್ಲಿ.

ಮುದ್ರಿಕೆಯ ಹುಟ್ಟು

1978ರಲ್ಲಿ ವಿಧ್ಯುಕ್ತವಾಗಿ ಮದುವೆಯಾಗಿದ್ದ ಫ್ರಿಡಾ ಮತ್ತು ಬೆನ್ನಿ 1981ರಲ್ಲಿ ಬೇರೆಯಾದರು. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಆಬಾದ ‘ದ ವಿಜಿಟರ್ಸ್’ ಎಂಬ ಮುದ್ರಿಕೆಯಲ್ಲಿ ಈ ವಿಚ್ಛೇದನವನ್ನೇ ವಸ್ತುವಾಗುಳ್ಳ ಗೀತೆಯೊಂದನ್ನು ಫ್ರಿಡಾಳೇ ಹಾಡಬೇಕಾಯಿತು: ಸಾಹಿತ್ಯವನ್ನು ಬರೆದವನು ತಂಡದ ಗೆಳೆಯ, ಸಂಗೀತವನ್ನು ಕಟ್ಟಿದವರಲ್ಲಿ ಒಬ್ಬನು ಅಗಲಿದ ಗಂಡ. ತನ್ನ ದುಃಖವನ್ನೂ ಇತರರ ಲೇಖನಿಯ ಮೂಲಕವೇ ಹಾಡಬೇಕಾದ ಈ ಸನ್ನಿವೇಶವನ್ನು ನೆನೆದರೆ, ಮರುವರ್ಷ ಆಕೆ ಆಬಾದ ಸಂಗೀತಕಾರರಿಬ್ಬರನ್ನೂ ಬಿಟ್ಟು, ಅವರಿಂದ ಒಂದು ಗೀತೆಯನ್ನೂ ತೆಗೆದುಕೊಳ್ಳದೆ ತನ್ನದೇ ಮುದ್ರಿಕೆಯನ್ನು ರೂಪಿಸಲು ಹೊರಟುದರ ಅರ್ಥ ಸ್ಪಷ್ಟವಾಗುತ್ತದೆ.

ಫಿಲ್ ಕಾಲಿನ್ಸನ ‘ಫೇಸ್ ವ್ಯಾಲ್ಯೂ’ ಎಂಬ ಪ್ರಥಮ ಸ್ವತಂತ್ರ ಮುದ್ರಿಕೆ ಪ್ರಕಟವಾದದ್ದು 1981ರ ಫೆಬ್ರವರಿಯಲ್ಲಿ. ಅದರ ಗೀತೆಗಳ ಹಿನ್ನೆಲೆಯಲ್ಲಿಯೂ ಮುರಿದುಬಿದ್ದ ದಾಂಪತ್ಯದ ನೋವಿತ್ತು. ಫ್ರಿಡಾ ಆ ಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಅದನ್ನು ಕಟ್ಟಿದವನಿಂದಲೇ ತನ್ನ ಕೆಲಸವೂ ಆಗಬೇಕೆಂದು ನಿಶ್ಚಯಿಸಿದಳು. ಬೇರೊಬ್ಬ ಕಲಾವಿದರ ಪೂರ್ಣಮುದ್ರಿಕೆಯ ನಿರ್ಮಾಣದಲ್ಲಿ ಕಾಲಿನ್ಸನಿಗೆ ಆಗ ಹೆಚ್ಚಿನ ಅನುಭವವಿರಲಿಲ್ಲ. ಆದರೆ ಕೆಲಸ ನಡೆಯಬೇಕಾಗಿದ್ದ ಸ್ಥಳ ಅವನಿಗೆ ಹೊಸದಾಗಿರಲಿಲ್ಲ. ಆಬಾ ತಂಡದವರು 1978ರಲ್ಲಿ ಸ್ಟಾಕ್‌ಹೋಮಿನ ಕುಂಗ್ಸ್‌ಹೋಲ್ಮೆನ್ ಬಡಾವಣೆಯಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಮಾರ್ಪಡಿಸಿ ತೆರೆದಿದ್ದ ಪೋಲಾರ್ ಸ್ಟುಡಿಯೋದಲ್ಲಿ ಜೆನಿಸಿಸ್ ತಂಡ ತನ್ನ ‘ಡ್ಯೂಕ್’ ಮುದ್ರಿಕೆಯನ್ನು 1979ರಲ್ಲಿಯೇ ಸಿದ್ಧಪಡಿಸಿತ್ತು.

ಗೀತೆಗಳಿಗಾಗಿ ನಾನಾ ದೇಶಗಳ ಸಂಗೀತಪ್ರಕಾಶಕರಿಗೆ ಆಹ್ವಾನ ಹೋಯಿತು. ನೂರಾರು ರಚನೆಗಳು ಬಂದವು. ಅವುಗಳಿಂದ ಹನ್ನೊಂದನ್ನು ಆಯ್ದು 1982ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮುದ್ರಿಸಲಾಯಿತು. ಈ ಕಾರ್ಯವನ್ನು ಆದಿಯಿಂದ ಅಂತ್ಯದವರೆಗೆ ಹಿಂಬಾಲಿಸಿ ಚಿತ್ರಿಸಿದ ಸ್ವೀಡನ್ನಿನ ದೂರದರ್ಶನದ ಸಾಕ್ಷ್ಯಚಿತ್ರವೊಂದಿದೆ. ಒಂದು ಪಾಪ್ ಮುದ್ರಿಕೆ ತಯಾರಾಗುವ ಕ್ರಮವನ್ನು ಅಷ್ಟು ವಿವರವಾಗಿ ತೋರಿಸುವ ದಾಖಲೆಗಳು ಆ ಕಾಲದಿಂದ ಉಳಿದಿರುವುದು ವಿರಳ.

ಧ್ವನಿರಚನೆಯ ವಿಧಾನ

ಈ ಮುದ್ರಿಕೆಯ ವೈಶಿಷ್ಟ್ಯವನ್ನರಿಯಲು ಆಬಾದ ನಾದರಚನೆಗೂ ಇದಕ್ಕೂ ಇರುವ ಅಂತರವನ್ನು ಗಮನಿಸುವುದು ಅವಶ್ಯ. ಆಬಾದ ಧ್ವನಿತಂತ್ರಜ್ಞನಾದ ಮೈಕೆಲ್ ಟ್ರೆಟೊ, ಅಮೆರಿಕದ ಫಿಲ್ ಸ್ಪೆಕ್ಟರ್ ಪ್ರಚಾರಕ್ಕೆ ತಂದ ‘ಧ್ವನಿಯ ಗೋಡೆ’ ಎಂಬ ಕಲ್ಪನೆಯಿಂದ ಪ್ರೇರಿತನಾಗಿ, ಒಂದೇ ಭಾಗವನ್ನು ವಾದ್ಯಗಾರರಿಂದಲೂ ಗಾಯಕಿಯರಿಂದಲೂ ಮತ್ತೊಮ್ಮೆ ಮಗದೊಮ್ಮೆ ಮಾಡಿಸಿ, ಒಂದರ ಮೇಲೊಂದರಂತೆ ಪದರಗಳಾಗಿ ಪೇರಿಸುತ್ತಿದ್ದನು. ಎರಡನೆಯ ಪದರವನ್ನು ಮುದ್ರಿಸುವಾಗ ಟೇಪಿನ ವೇಗವನ್ನು ಅತ್ಯಲ್ಪವಾಗಿ ಬದಲಿಸಿ, ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುವಂತೆ ಮಾಡುವುದು ಅವನ ಕ್ರಮ. ಹಾಗೆ ಸೇರಿದ ಎರಡು ಧ್ವನಿಗಳು ಒಂದರೊಳಗೊಂದು ಲೀನವಾಗದೆ ಸ್ಥೂಲವೂ ಕಾಂತಿಯುಕ್ತವೂ ಆದ ಮೂರನೆಯ ಧ್ವನಿಯೊಂದನ್ನು ಉಂಟುಮಾಡುತ್ತವೆ. ಆಬಾದ ಗೀತೆಗಳಲ್ಲಿ ಇಬ್ಬರು ಗಾಯಕಿಯರ ಕಂಠಗಳು ಬೆಸೆದುಕೊಂಡು, ಯಾವುದು ಯಾರದೆಂದು ಬೇರ್ಪಡಿಸುವುದೇ ಕಷ್ಟವಾಗುವ ಆ ಉಜ್ಜ್ವಲತೆಯ ಮೂಲ ಇದು.

ಕಾಲಿನ್ಸನ ಮಾರ್ಗ ಇದಕ್ಕೆ ವಿರುದ್ಧವಾದುದು: ಅವನದು ತುಂಬುವ ಕ್ರಮವಲ್ಲ, ತೆರವು ಮಾಡುವ ಕ್ರಮ. ಪೀಟರ್ ಗೇಬ್ರಿಯಲ್ಲನ 1980ರ ಮುದ್ರಿಕೆಗಾಗಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಕೆಲಸ ನಡೆದಿದ್ದಾಗ, ವಾದ್ಯಗಾರರ ಮಾತು ತಂತ್ರಜ್ಞನಿಗೆ ಕೇಳಿಸಲೆಂದು ಸೂರಿನಿಂದ ತೂಗುಹಾಕಿದ್ದ ಮೈಕಿನ ಮೂಲಕ ಕಾಲಿನ್ಸನ ಡ್ರಮ್ಸಿನ ಧ್ವನಿ ಒಳಹರಿದು ವಿಚಿತ್ರವಾದ ಗಾಂಭೀರ್ಯದಿಂದ ಕೇಳಿಸಿತು. ಮಾತನ್ನು ಹಿಡಿಯಲೆಂದೇ ಹೂಡಿದ ಮೈಕಾದುದರಿಂದ ಅದಕ್ಕೆ ಧ್ವನಿಯ ಏರಿಳಿತಗಳನ್ನು ಬಲವಾಗಿ ಅದುಮುವ ಕಂಪ್ರೆಸರನ್ನು ಜೋಡಿಸಿದ್ದರು. ಅದರಿಂದಾಗಿ ಕೋಣೆಯ ಮಾರ್ದನಿಯೆಲ್ಲ ಉಬ್ಬಿ ಮುನ್ನುಗ್ಗುತ್ತಿತ್ತು. ಇದಕ್ಕೆ, ನಿರ್ದಿಷ್ಟ ಮಟ್ಟಕ್ಕಿಂತ ಕೆಳಗಿಳಿದ ಧ್ವನಿಯನ್ನು ಒಮ್ಮೆಗೇ ಮುಚ್ಚಿಬಿಡುವ ನಾಯ್ಸ್ ಗೇಟ್ ಎಂಬ ಉಪಕರಣವನ್ನೂ ಸೇರಿಸಿದಾಗ, ಪ್ರತಿಯೊಂದು ಪೆಟ್ಟೂ ವಿಶಾಲವಾದ ಸಭಾಂಗಣದಲ್ಲಿ ಬಿದ್ದಂತೆ ಮೊಳಗಿ, ಮರುಕ್ಷಣದಲ್ಲಿ ಕೊಡಲಿಯಿಂದ ಕಡಿದಂತೆ ನಿಂತುಹೋಗುತ್ತಿತ್ತು. ಆ ಮುದ್ರಣದ ತಂತ್ರಜ್ಞನಾಗಿದ್ದ ಹ್ಯೂ ಪ್ಯಾಜಮನೇ ಫ್ರಿಡಾಳ ಮುದ್ರಿಕೆಗೂ ತಂತ್ರಜ್ಞನಾದನು.

ಈ ವಿಧಾನದ ಪರಿಣಾಮ ಗಾಯನದ ಮೇಲೂ ಆಗದಿರಲಿಲ್ಲ. ಪೆಟ್ಟಿಗೂ ಪೆಟ್ಟಿಗೂ ನಡುವೆ ಮಾರ್ದನಿ ಉಳಿಯದೆ ಬರಿಯ ಮೌನವುಳಿಯುವುದರಿಂದ, ಆ ಮೌನದಲ್ಲಿ ನಿಂತ ಕಂಠದ ಉಸಿರು, ಒರಟು, ಅಂಚು ಎಲ್ಲವೂ ಕೇಳಿಸತೊಡಗುತ್ತವೆ. ಆಬಾದಲ್ಲಿ ಮತ್ತೊಂದು ಕಂಠದೊಡನೆ ಹೆಣೆದುಕೊಂಡಿದ್ದ ಫ್ರಿಡಾಳ ಶಾರೀರ ಇಲ್ಲಿ ಏಕಾಕಿಯಾಗಿ ನಿಲ್ಲುತ್ತದೆ. ಅದರ ಮಂದ್ರದ ಬಲ, ಮೇಲಕ್ಕೇರುವಾಗ ತೋರುವ ಸಣ್ಣ ಬಿರುಸು, ಜಾಜ಼್ ಗಾಯನದಲ್ಲಿ ಕಲಿತ ಪದವಿಳಂಬ ಇವೆಲ್ಲ ಮೊದಲ ಬಾರಿಗೆ ಅನಾವೃತವಾಗುತ್ತವೆ. ಹೊಸದಾದುದು ಕಂಠವಲ್ಲ, ಕಂಠದ ಸುತ್ತಣ ಅವಕಾಶ.

ಗೀತೆಗಳು

ಗಿಟಾರಿನಲ್ಲಿ ಡ್ಯಾರಿಲ್ ಸ್ಟರ್ಮರ್, ಬಾಸ್ ಗಿಟಾರಿನಲ್ಲಿ ಮೋ ಫಾಸ್ಟರ್, ಕೀಲಿವಾದ್ಯಗಳಲ್ಲಿ ಪೀಟರ್ ರಾಬಿನ್‌ಸನ್ ಇವರು ಮೇಳದ ಮುಖ್ಯರು, ಡ್ರಮ್ಸ್ ಕಾಲಿನ್ಸನದೇ. ಕೆಲವು ಗೀತೆಗಳಲ್ಲಿ ಅಮೆರಿಕದ ಅರ್ತ್, ವಿಂಡ್ ಅಂಡ್ ಫೈರ್ ತಂಡದ ತುತ್ತೂರಿ-ಸ್ಯಾಕ್ಸೋಫೋನ್ ವಾದಕರೂ ಪಾಲ್ಗೊಂಡಿದ್ದಾರೆ.

ಮುದ್ರಿಕೆಯ ಪ್ರಧಾನಗೀತೆ ‘ಐ ನೋ ದೇರ್ಸ್ ಸಮ್‌ಥಿಂಗ್ ಗೋಯಿಂಗ್ ಆನ್’. ಆರ್ಜೆಂಟ್ ಎಂಬ ಬ್ರಿಟಿಷ್ ತಂಡದಲ್ಲಿದ್ದ ರಸ್ ಬ್ಯಾಲರ್ಡ್ ಇದರ ಕರ್ತೃ. ಪ್ರಿಯನ ಮನಸ್ಸು ಅನ್ಯಳ ಕಡೆಗೆ ಹರಿದಿರುವುದನ್ನು ಯಾರ ಬಾಯಿಂದಲೂ ಕೇಳದೆ ಲಕ್ಷಣಗಳಿಂದಲೇ ಅರಿತುಕೊಳ್ಳುವ ಹೆಣ್ಣಿನ ಶಂಕೆ ಇದರ ವಸ್ತು. ಡ್ರಮ್ಸಿನ ಭಾರವಾದ ಪೆಟ್ಟುಗಳ ಮೇಲೆ ಗಿಟಾರಿನ ನಾಲ್ಕಾರು ಸ್ವರಗಳ ಒಂದು ತುಣುಕು ಹಟ ಹಿಡಿದಂತೆ ಮರುಕಳಿಸುತ್ತಿರಲು, ಫ್ರಿಡಾ ಚರಣಗಳನ್ನು ತಗ್ಗಿದ ಸ್ಥಾಯಿಯಲ್ಲಿ, ಭಾವವನ್ನು ಬಿಗಿಹಿಡಿದು, ಬಹುಮಟ್ಟಿಗೆ ಮಾತನಾಡುವ ರೀತಿಯಲ್ಲಿ ಹಾಡುತ್ತಾಳೆ; ಪಲ್ಲವಿ ಬಂದಾಗ ಮಾತ್ರ ಕಂಠ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಆರೋಪಕ್ಕಿಂತ ನಿಶ್ಚಯ ಹೆಚ್ಚು, ಕಣ್ಣೀರಿಗಿಂತ ಕಟುತ್ವ ಹೆಚ್ಚು. ಐದು ನಿಮಿಷಗಳನ್ನು ಮೀರಿದ ದೀರ್ಘಗೀತೆಯಾದರೂ ಪಲ್ಲವಿಯ ಪುನರಾವೃತ್ತಿ ಬೇಸರವನ್ನು ತಾರದಿರುವುದಕ್ಕೆ ಕಾರಣ, ಶಂಕೆಯೆಂಬ ಭಾವವೇ ಸ್ವಭಾವತಃ ಆವರ್ತನಶೀಲವಾದುದು, ಒಂದೇ ಮಾತಿನ ಸುತ್ತ ಸುಳಿಯುವಂಥದು ಎಂಬುದು.

ಇದಕ್ಕೆ ತೀರ ಭಿನ್ನವಾದ ರಚನೆ ‘ಥ್ರೆನೊಡಿ’. ಅಮೆರಿಕದ ಕವಯಿತ್ರಿ ಡೊರೋತಿ ಪಾರ್ಕರಳ ಪ್ರೇಮವಿಲಾಪದ ಕವಿತೆಯೊಂದಕ್ಕೆ ಸ್ವೀಡನ್ನಿನ ತರುಣ ಸಂಗೀತಕಾರ ಪೇರ್ ಗೆಸ್ಲೆ ರಾಗ ಕೂಡಿಸಿದ್ದಾನೆ. ಮುಂದೆ ರಾಕ್ಸೆಟ್ ತಂಡದ ಮೂಲಕ ಲೋಕಪ್ರಸಿದ್ಧನಾಗಲಿದ್ದ ಗೆಸ್ಲೆ ಆಗ ಸ್ವದೇಶದ ಹೊರಗೆ ಹೆಚ್ಚು ತಿಳಿದವನಾಗಿರಲಿಲ್ಲ. ಪಾರ್ಕರಳ ಕವಿತೆಗಳ ಗುಣ ಅಳುವನ್ನು ವಿನೋದದ ಮುಸುಕಿನಲ್ಲಿ ಮರೆಸುವುದು. ಫ್ರಿಡಾ ಆ ಮುಸುಕನ್ನು ಎತ್ತುವುದಿಲ್ಲ. ಡ್ರಮ್ಸಿನ ಆರ್ಭಟವಿಲ್ಲದ ಈ ಹಗುರವಾದ ಗೀತೆಯಲ್ಲಿ ಆಕೆ ಪದಗಳನ್ನು ಒತ್ತಿ ಹೇಳದೆ ತೇಲಿಬಿಡುತ್ತಾಳೆ. ವ್ಯಂಗ್ಯವೂ ವ್ಯಥೆಯೂ ಸಮತೂಕದಲ್ಲಿ ನಿಲ್ಲುತ್ತವೆ. ಮುದ್ರಿಕೆಯಲ್ಲಿ ಅತ್ಯಂತ ಸೂಕ್ಷ್ಮವಾದ ಗಾಯನ ಇದೇ ಎಂದರೆ ತಪ್ಪಾಗದು.

‘ಯು ನೋ ವಾಟ್ ಐ ಮೀನ್’ ಕಾಲಿನ್ಸನ ‘ಫೇಸ್ ವ್ಯಾಲ್ಯೂ’ವಿನಿಂದಲೇ ತೆಗೆದುಕೊಂಡದ್ದು. ಗಂಡಸೊಬ್ಬನು ತನ್ನ ಬಾಳಿನ ವಿಯೋಗವನ್ನು ಕುರಿತು ಕಟ್ಟಿದ ಹಾಡು, ಅಂಥದೇ ಅನುಭವವುಳ್ಳ ಹೆಣ್ಣಿನ ಕಂಠಕ್ಕೆ ದಾಟಿದಾಗ ಅದರ ಸಂಬೋಧನೆಯೇ ಬದಲಾಗುತ್ತದೆ. ‘ಟು ಟರ್ನ್ ದ ಸ್ಟೋನ್’ ಎಂಬುದು ಜಾರ್ಜೋ ಮೊರೋಡರ್ ಮತ್ತು ಪೀಟ್ ಬೆಲೋಟೆ ಇವರ ರಚನೆ. ಇದನ್ನು 1981ರಲ್ಲಿಯೇ ಡಾನ್ನಾ ಸಮ್ಮರ್ ಹಾಡಿದ್ದರೂ ಆಕೆಯ ಆ ಮುದ್ರಿಕೆಯನ್ನು ಸಂಸ್ಥೆ ತಡೆಹಿಡಿದು, ಅದು 1996ರವರೆಗೂ ಬೆಳಕು ಕಾಣದೆ ಹೋದುದರಿಂದ, ಲೋಕಕ್ಕೆ ಈ ಗೀತೆ ಮೊದಲು ತಿಳಿದುದು ಫ್ರಿಡಾಳ ಕಂಠದಿಂದ. ಬ್ರಯನ್ ಫೆರಿ ಬರೆದುಕೊಟ್ಟ ‘ದ ವೇ ಯು ಡೂ’, ಸ್ಟೀಫನ್ ಬಿಷಪ್‌ನ ‘ಟೆಲ್ ಮಿ ಇಟ್ಸ್ ಓವರ್’, ಬ್ಯಾಲರ್ಡನ ಹಳೆಯ ಸಂಗಡಿಗ ರಾಡ್ ಆರ್ಜೆಂಟನ ‘ಬೇಬಿ ಡೋಂಟ್ ಯು ಕ್ರೈ ನೋ ಮೋರ್’, ಜಿಮ್ ರ‍್ಯಾಫರ್ಟಿಯ ‘ಐ ಸೀ ರೆಡ್’, ಆಬಾದೊಡನೆ ಸಂಚರಿಸಿದ್ದ ತೋಮಾಸ್ ಲೆದೀನ್‌ನ ‘ಐ ಗಾಟ್ ಸಮ್‌ಥಿಂಗ್’ ಇವು ಉಳಿದವುಗಳಲ್ಲಿ ಮುಖ್ಯವಾದುವು. ಕಾಲಿನ್ಸ್ ಮತ್ತು ಫ್ರಿಡಾ ಕೂಡಿ ಹಾಡಿದ ಯುಗಳಗೀತೆ ‘ಹಿಯರ್ ವೀಲ್ ಸ್ಟೇ’.

ಪ್ರಕಟಣೆ ಮತ್ತು ಸ್ವಾಗತ

ಸ್ವೀಡನ್ನಿನಲ್ಲಿ ಮುದ್ರಿಕೆ ಮೊದಲನೆಯ ಸ್ಥಾನವನ್ನೂ ಬ್ರಿಟನ್ನಿನಲ್ಲಿ 18ನೆಯ ಸ್ಥಾನವನ್ನೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 41ನೆಯ ಸ್ಥಾನವನ್ನೂ ಪಡೆಯಿತು. ಪ್ರಧಾನಗೀತೆ ಸ್ವಿಟ್ಸರ್ಲೆಂಡ್, ಬೆಲ್ಜಿಯಮ್ ದೇಶಗಳಲ್ಲಿ ಅಗ್ರಸ್ಥಾನವನ್ನೇರಿ, 1983ರಲ್ಲಿ ಅಮೆರಿಕದಲ್ಲಿ 13ನೆಯ ಸ್ಥಾನವನ್ನು ತಲುಪಿತು. ಅಮೆರಿಕದಲ್ಲಿ ಆಬಾದ ಹೆಚ್ಚಿನ ಗೀತೆಗಳಿಗೂ ಇಷ್ಟು ಎತ್ತರದ ಸ್ಥಾನ ದೊರೆತಿರಲಿಲ್ಲವೆಂಬುದನ್ನು ನೆನೆದರೆ ಈ ಸಾಧನೆಯ ಗಾತ್ರ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಮಾತ್ರ ಅದೇ ಗೀತೆ 43ನೆಯ ಸ್ಥಾನದಲ್ಲಿಯೇ ನಿಂತಿತು. ಆಬಾವನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದ ದೇಶವೇ ಅದರ ಗಾಯಕಿಯ ಹೊಸ ದನಿಗೆ ಕಿವಿಗೊಡಲು ಹಿಂಜರಿಯಿತು.

ವಿಸ್ಮೃತಿಗೆ ಕಾರಣಗಳು

ಮೊದಲನೆಯ ಕಾರಣ, ಮುದ್ರಿಕೆ ಹೊರಬಂದ ಸಮಯ. 1982ರ ಶರತ್ಕಾಲದಲ್ಲಿ ಆಬಾ ಇನ್ನೂ ಬದುಕಿತ್ತು. ಅಕ್ಟೋಬರಿನಲ್ಲಿ ಅದರ ಹೊಸಗೀತೆಯೂ ನವೆಂಬರಿನಲ್ಲಿ ಹತ್ತು ವರ್ಷಗಳ ಗೀತಸಂಕಲನವೂ ಪ್ರಕಟವಾದುವು. ಡಿಸೆಂಬರಿನಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ಕಾಣಿಸಿಕೊಂಡ ಮೇಲೆ ತಂಡ, ವಿಸರ್ಜನೆಯ ಘೋಷಣೆಯನ್ನೂ ಮಾಡದೆ, ತಾನಾಗಿಯೇ ತೆರೆಮರೆಗೆ ಸರಿಯಿತು. ಹೀಗಾಗಿ ಫ್ರಿಡಾಳ ಮುದ್ರಿಕೆ ತಂಡದಿಂದ ಹೊರನಡೆದವಳ ಕೃತಿಯೆಂದಾಗಲಿ, ತಂಡದ ತರುವಾಯದ ಕೃತಿಯೆಂದಾಗಲಿ ಗಣನೆಗೆ ಬಾರದೆ, ಆಬಾದ ಚರಿತ್ರೆಯ ಅಂತ್ಯಭಾಗದಲ್ಲಿ ಬರುವ ಅನುಬಂಧವೆಂಬಂತೆ ಕಾಣಿಸಿತು. ಎರಡನೆಯದಾಗಿ, ಗೀತೆ ಗೆದ್ದರೂ ಹೆಸರು ನೆಲೆಗೊಳ್ಳಲಿಲ್ಲ. ಬರಿಯ ‘ಫ್ರಿಡಾ’ ಎಂಬ ಅಂಕಿತದಿಂದ ಪ್ರಚಾರವಾದ ಹಾಡನ್ನು ಅಮೆರಿಕದ ರೇಡಿಯೋ ಶ್ರೋತೃಗಳು ಆ ಕಾಲದ ಇತರ ಗೀತೆಗಳ ಗುಂಪಿನಲ್ಲಿ ನೆನಪಿಟ್ಟುಕೊಂಡರೇ ಹೊರತು ಆಬಾದ ಗಾಯಕಿಯ ಹೆಸರಿನೊಡನೆ ಬೆಸೆದುಕೊಳ್ಳಲಿಲ್ಲ.

ಮೂರನೆಯ ಕಾರಣ ಗಾಯಕಿಯ ಮುಂದಿನ ನಡೆಯಲ್ಲಿದೆ. 1984ರಲ್ಲಿ ಸ್ಟೀವ್ ಲಿಲ್ಲಿವೈಟ್ ಎಂಬ ನಿರ್ಮಾಪಕನೊಡನೆ ಪ್ಯಾರಿಸ್ಸಿನಲ್ಲಿ ಸಿದ್ಧಪಡಿಸಿದ ‘ಶೈನ್’ ಎಂಬ ಮುದ್ರಿಕೆ ಸ್ವೀಡನ್ನಿನ ಹೊರಗೆ ಅಷ್ಟಾಗಿ ಸಾಗಲಿಲ್ಲ. ಬಳಿಕ ಆಕೆ ಸಾರ್ವಜನಿಕ ಗಾಯನದಿಂದ ಬಹುಮಟ್ಟಿಗೆ ಹಿಂದೆ ಸರಿದಳು. ಪೂರ್ಣಪ್ರಮಾಣದ ಮುಂದಿನ ಮುದ್ರಿಕೆ ಬಂದದ್ದು ಹನ್ನೆರಡು ವರ್ಷಗಳ ಅನಂತರ, 1996ರಲ್ಲಿ, ಅದೂ ಸ್ವೀಡಿಷ್ ಭಾಷೆಯಲ್ಲಿ. ಕೊನೆಯದಾಗಿ, ಡ್ರಮ್ಸಿನ ಆ ಕತ್ತರಿಸಿದ ಮೊಳಗು ಎಂಬತ್ತರ ದಶಕದುದ್ದಕ್ಕೂ ಅನುಕರಣೆಗೊಳಗಾಗಿ ಸವೆದು, ತೊಂಬತ್ತರ ದಶಕದ ಅಭಿರುಚಿಗೆ ಹಳಸಲಾಗಿ ತೋರಿತು. ಆ ನಾದವನ್ನು ಮೊದಮೊದಲು ಬಳಸಿದ ಕೃತಿಗಳೂ ಅನುಕರಣೆಗಳ ಪಾಪವನ್ನು ಹೊರಬೇಕಾಯಿತು.

ಪುನಃಪರಿಚಯ

ಆಬಾದ ಮರುಹುಟ್ಟಿನ ಕಥೆ ಸರ್ವವಿದಿತ: 1992ರ ‘ಆಬಾ ಗೋಲ್ಡ್’ ಸಂಕಲನ, 1999ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಮಮ್ಮಾ ಮಿಯಾ!’ ಸಂಗೀತನಾಟಕ, 2008ರ ಚಲನಚಿತ್ರ, 2010ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ನೀಡಿದ ಗೌರವ. ಒಂದು ಕಾಲದಲ್ಲಿ ಕೇವಲ ವ್ಯಾಪಾರದ ಸರಕೆಂದು ಹೀಗಳೆದಿದ್ದ ವಿಮರ್ಶಕವರ್ಗವೇ ಆಬಾದ ರಚನಾಕೌಶಲವನ್ನು ಕೊಂಡಾಡತೊಡಗಿತು. ಆದರೆ ಈ ಪುನರ್ಮೌಲ್ಯಮಾಪನ ಗೀತರಚನೆಯನ್ನು ಕೇಂದ್ರವಾಗಿಟ್ಟುಕೊಂಡಿದ್ದುದರಿಂದ ಅದರ ಕೀರ್ತಿ ಹೆಚ್ಚಾಗಿ ಬೆನ್ನಿ ಮತ್ತು ಬ್ಯೋರ್ನರಿಗೆ ಸಂದಿತು. ಗಾಯಕಿಯರು ಆ ರಚನೆಗಳ ವಾಹಕರೆಂಬ ಭಾವನೆ ಉಳಿದೇಹೋಯಿತು. ಅವರಿಬ್ಬರ ಒಂದೂ ರಚನೆಯಿಲ್ಲದ ಫ್ರಿಡಾಳ ಮುದ್ರಿಕೆಗೆ ಈ ಉತ್ಸಾಹದಲ್ಲಿ ಪಾಲು ದೊರೆಯದೆ ಹೋದುದು ಸಹಜವೇ.

2005ರಲ್ಲಿ ಫ್ರಿಡಾಳ ಹಳೆಯ ಮುದ್ರಿಕೆಗಳು ಸಂಸ್ಕರಿತ ರೂಪದಲ್ಲಿ ಸೀಡಿಗಳಾಗಿ ಮರುಪ್ರಕಟವಾದುವು. 1982ರ ಸಾಕ್ಷ್ಯಚಿತ್ರವೂ ಡಿವಿಡಿಯ ಮೂಲಕ ಸ್ವೀಡನ್ನಿನ ಹೊರಗಣ ಪ್ರೇಕ್ಷಕರಿಗೆ ಲಭ್ಯವಾಯಿತು. ಹೊಸ ಶತಮಾನದ ಪಾಪ್ ಸಂಗೀತಗಾರರು ಎಂಬತ್ತರ ದಶಕದ ಡ್ರಮ್ಸ್ ನಾದವನ್ನು ಮತ್ತೆ ಆದರದಿಂದ ಬಳಸತೊಡಗಿದ ಮೇಲೆ, ಆ ನಾದದ ಆರಂಭಕಾಲದ ಕೃತಿಗಳನ್ನು ಹುಡುಕಿ ಕೇಳುವ ಕುತೂಹಲವೂ ಬೆಳೆಯಿತು. ಆಬಾ 2021ರ ನವೆಂಬರಿನಲ್ಲಿ ‘ವಾಯೇಜ್’ ಎಂಬ ಹೊಸ ಮುದ್ರಿಕೆಯನ್ನು ಪ್ರಕಟಿಸಿದಾಗ, ನಡುವಣ ನಲವತ್ತು ವರ್ಷಗಳಲ್ಲಿ ಅದರ ಗಾಯಕಿಯರು ಏನು ಮಾಡಿದರೆಂಬ ಪ್ರಶ್ನೆಗೆ ಉತ್ತರವಾಗಿಯೂ ಇಂಥ ಮುದ್ರಿಕೆಗಳು ಮತ್ತೆ ಕೇಳುಗರ ಗಮನಕ್ಕೆ ಬಂದುವು.

ಮೌಲ್ಯನಿರ್ಣಯ

ಮುದ್ರಿಕೆಯಲ್ಲಿ ದೋಷಗಳಿಲ್ಲವೆಂದಲ್ಲ. ಹನ್ನೊಂದು ಗೀತೆಗಳೂ ಬೇರೆಬೇರೆ ಕೈಗಳಿಂದ ಬಂದುದರಿಂದ ಒಟ್ಟಿನ ಏಕಸೂತ್ರತೆ ಸಡಿಲವಾಗಿದೆ. ರಾಕ್, ಲಘುಗೀತೆ, ತುತ್ತೂರಿಮೇಳದ ನೃತ್ಯಗತಿ ಇವುಗಳ ನಡುವೆ ಹಾದಿ ಕೆಲವೆಡೆ ಥಟ್ಟನೆ ತಿರುಗುತ್ತದೆ. ಅಲ್ಲಲ್ಲಿ ಕಾಲಿನ್ಸನ ಮುದ್ರೆಯೇ ಅತಿಯಾಗಿ, ಗಾಯಕಿ ಅವನ ಮೇಳದ ಅತಿಥಿಯೇನೋ ಎಂಬ ಭಾವನೆಯೂ ಬರುವುದುಂಟು. ಆದರೆ ಈ ವೈವಿಧ್ಯವನ್ನು ಬೇರೊಂದು ದೃಷ್ಟಿಯಿಂದಲೂ ನೋಡಬಹುದು. ಹದಿಮೂರನೆಯ ವಯಸ್ಸಿನಿಂದ ನೃತ್ಯಗೋಷ್ಠಿಗಳಲ್ಲಿ ಬಂದ ಹಾಡನ್ನೆಲ್ಲ ತನ್ನದಾಗಿಸಿಕೊಂಡು ಹಾಡಿದವಳ ಮೂಲಸಂಸ್ಕಾರ ರಚನೆಯದಲ್ಲ, ವ್ಯಾಖ್ಯಾನದ್ದು. ನಮ್ಮ ಸಂಗೀತದಲ್ಲಿ ಪರರ ಕೃತಿಯನ್ನು ಹಾಡುವ ಗಾಯಕರನ್ನು ಕೃತಿಕಾರರಿಗಿಂತ ಅಲ್ಪರೆಂದು ಯಾರೂ ಎಣಿಸುವುದಿಲ್ಲ. ರಾಕ್ ಸಂಗೀತದ ವಿಮರ್ಶೆಯಾದರೋ ತಾನೇ ಬರೆದು ತಾನೇ ಹಾಡುವವರನ್ನು ಮಾತ್ರ ಪೂರ್ಣಕಲಾವಿದರೆಂದು ಮನ್ನಿಸುವ ಅಭ್ಯಾಸವನ್ನು ದೀರ್ಘಕಾಲ ಬೆಳೆಸಿಕೊಂಡಿತ್ತು. ಯಾವ ಗೀತೆಯನ್ನು ಆರಿಸುವುದು, ಯಾರ ಕೈಯಲ್ಲಿ ಅದನ್ನು ಕಟ್ಟಿಸುವುದು, ಎಷ್ಟು ಬಿಚ್ಚಿ ಎಷ್ಟು ಬಿಗಿದು ಹಾಡುವುದು ಎಂಬ ನಿರ್ಣಯಗಳಲ್ಲಿಯೇ ಕರ್ತೃತ್ವವಿದೆಯೆಂದು ಒಪ್ಪಿದಲ್ಲಿ ಈ ಮುದ್ರಿಕೆ ಅನುಬಂಧವಾಗಿ ಉಳಿಯುವುದಿಲ್ಲ. ಆಬಾದ ಮುದ್ರಿಕೆಗಳಲ್ಲಿ ಫ್ರಿಡಾ ಇತರರ ಕಲ್ಪನೆಯನ್ನು ಸಾಕಾರಗೊಳಿಸಿದಳು. ಇಲ್ಲಿ ಇತರರ ಗೀತೆಗಳಿಂದ ತನ್ನ ಕಲ್ಪನೆಯನ್ನು ಸಾಕಾರಗೊಳಿಸಿಕೊಂಡಳು. ಆಕೆಯ ಕಂಠವನ್ನು ಕುರಿತು ತಿಳಿಯಬಯಸುವವರಿಗೆ ಆಬಾದ ಯಾವ ಸಂಕಲನಕ್ಕಿಂತಲೂ ಈ ಹನ್ನೊಂದು ಗೀತೆಗಳು ಹೆಚ್ಚು ಪ್ರಯೋಜನಕರವಾದ ಆಧಾರಗಳು.